ಒದ್ದೆ ಜಗಲಿಯ ಮೇಲೆ ಬೆತ್ತದ ಕುರ್ಚಿ

ಬೆತ್ತದ ಕುರ್ಚಿ ಕೊಳ್ಳಲು ಬಂದವರು ಮೊದಲು ಅದರ ಮೇಲೆ ಕೂತು ನೋಡುತ್ತಾರೆ. ಕೂರಬೇಡಿ. ಮೊದಲು ಅದನ್ನು ತಲೆಕೆಳಗು ಮಾಡಿ. ಕಾಲಿನ ತುದಿ, ಅಡ್ಡಪಟ್ಟಿ ಕಾಲಿಗೆ ಸೇರುವ ಜಾಗ, ಸೀಟಿನ ಕೆಳಭಾಗ, ಈ ಮೂರನ್ನೂ ನೋಡಿ. ಬೆನ್ನಿನ ಹೆಣಿಗೆ, ಕೈಯ ಸುರುಳಿ, ವಾರ್ನಿಷಿನ ಹೊಳಪು ಯಾರನ್ನು ಬೇಕಾದರೂ ಮರುಳು ಮಾಡುತ್ತವೆ. ಕೆಳಭಾಗಕ್ಕೆ ಆ ಜಾಣತನ ಇರುವುದಿಲ್ಲ.

ಇದನ್ನು ನಾನು ಯಾವಾಗ ಕಲಿತೆ ಎಂಬ ವಿಷಯದಲ್ಲಿ ನನಗೂ ನನ್ನ ಡೈರಿಗಳಿಗೂ ಒಮ್ಮತವಿಲ್ಲ. ನಾನು ಕೆಲಸ ಮಾಡಿದ ಬೆತ್ತದ ಅಂಗಡಿಯನ್ನು ಈಗ ನಡೆಸುತ್ತಿರುವ, ನಮ್ಮ ಯಜಮಾನರ ಮಗಳು ಶೈಲಜಾ ಹೋದ ತಿಂಗಳು ಮನೆಗೆ ಬಂದು, "ಅಂಕಲ್, ಹೊಸದಾಗಿ ಇಬ್ಬರು ಸೇರಿದ್ದಾರೆ. ಇಬ್ಬರಿಗೂ ಮೊಬೈಲಲ್ಲಿ ಕುರ್ಚಿ ಮಾರೋದು ಗೊತ್ತು, ಕುರ್ಚಿ ಗೊತ್ತಿಲ್ಲ. ನಿಮಗೆ ನೆನಪಿರೋದನ್ನ ಬರೆದುಕೊಡಿ" ಎಂದಳು. ನೆನಪಿರುವುದನ್ನು ಬರೆಯಲು ಕೂತೆ. ಮೂರು ಪುಟ ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದೇ ಅನುಮಾನ ಹುಟ್ಟಿಸಿತು. ಬೀರುವಿನ ಮೇಲಿದ್ದ ಡೈರಿಗಳನ್ನು ಇಳಿಸಿ ತಾಳೆ ನೋಡಿದೆ. ಆಮೇಲೆ ಆ ಮೂರು ಪುಟ ಹರಿದು ಹಾಕಿದೆ. ಇದು ಎರಡನೆಯ ಪ್ರಯತ್ನ.

ನಾನು ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವನು. ಒಂದು ವರ್ಷ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳಿದೆ. ಕಾಲೇಜಿನಲ್ಲಿ ಕೆಲಸ ಸಿಗುವವರೆಗೆ ಎಂದುಕೊಂಡು ಶ್ರೀರಂಗಪಟ್ಟಣದ ಹಳೆಯ ಹೆದ್ದಾರಿಯ ಪಕ್ಕದ ಬೆತ್ತದ ಪೀಠೋಪಕರಣದ ಅಂಗಡಿಗೆ ಸೇರಿದೆ. ಆ 'ವರೆಗೆ' ನಿವೃತ್ತಿಯ ದಿನ ಮುಗಿಯಿತು. ಟ್ಯುಟೋರಿಯಲ್ಲಿನ ಗುರುತಾಗಿ ಉಳಿದದ್ದು ಎಲ್ಲರೂ ಕರೆಯುತ್ತಿದ್ದ 'ಮೇಷ್ಟ್ರು' ಎಂಬ ಹೆಸರು ಮಾತ್ರ.

ನನ್ನ ಕೆಲಸ ಅಂಗಡಿಯೊಳಗೆ ಕಡಿಮೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರಾದರೂ ಜಗಲಿಗೋ ವರಾಂಡಕ್ಕೋ ಕುರ್ಚಿ ಬೇಕೆಂದರೆ ನಾನು ಬಸ್ಸು ಹತ್ತಿ ಹೋಗಿ ಜಗಲಿ ನೋಡಬೇಕು, ಅಳತೆ ತರಬೇಕು, ಯಾವ ಬಗೆಯದು ಸರಿ ಎಂದು ಹೇಳಬೇಕು. ಆಮೇಲೆ ವರ್ಷಕ್ಕೊಮ್ಮೆ ಹೋಗಿ ಕುರ್ಚಿ ಹೇಗಿದೆ ನೋಡಿ ಬರಬೇಕು. ಊರಿನವರಿಗೆ ಇದು ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ. "ಕುರ್ಚಿ ಆರೋಗ್ಯ ಇಚಾರಿಸ್ಕಂಡ್ ಬಂದವ್ರೆ ನೋಡು ಡಾಕ್ಟ್ರು" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದರು.

ಮೊದಲ ವರ್ಷದ ಪೆದ್ದುತನಗಳಲ್ಲಿ ಪಾಲಹಳ್ಳಿಯ ಬೋರೇಗೌಡರ ಮನೆಯದ್ದು ದೊಡ್ಡದು. ಎರಡು ಎಕರೆ ಗದ್ದೆ, ಆರು ಹಸು, ಹಾಲಿನ ಡೇರಿಯಲ್ಲಿ ಒಳ್ಳೆಯ ಹೆಸರಿದ್ದ ಮನೆ. ಉದ್ದನೆಯ ಜಗಲಿ, ಪೂರ್ವದ ಬೆಳಕು. ನಾನು ಜಗಲಿಯ ಉದ್ದಗಲ ಬರೆದುಕೊಂಡೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದೂ ಕೇಳಿದೆ. ನಾಲ್ಕು ಕುರ್ಚಿ, ಒಂದು ಸಣ್ಣ ಮೇಜು ಹೋದವು. ಮೂರು ವಾರಕ್ಕೆ ಬೋರೇಗೌಡರು ಒಂದು ಕುರ್ಚಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಂಗಡಿಯ ಮುಂದೆ ಇಳಿದರು. ಅದರ ಎಡಗೈ ಅರ್ಧ ಇರಲಿಲ್ಲ.

"ಏನಾಯ್ತು ಗೌಡ್ರೇ?"

"ಏನಾಯ್ತು ಅಂತ ನನ್ನ ಕೇಳ್ತೀರಾ? ಕರ ತಿಂದ್ಬುಡ್ತು."

"ಕರುವಾ? ಬೆತ್ತಾನಾ?"

"ದಿನಾ ನೆಕ್ತಾ ಇತ್ತು. ಬೆವರು ಉಪ್ಪುಪ್ಪಾಗದೆ ನೋಡಿ, ಅದ್ಕೆ ನೆಕ್ತದೆ ಬುಡು ಅಂತ ನಾನೂ ಸುಮ್ಕಿದ್ದೆ. ನಿನ್ನೆ ನೋಡಿದ್ರೆ ಕಬ್ಬು ಸಿಗಿದಂಗೆ ಸಿಗ್ದು ಮೇಯ್ತಾ ಕೂತದೆ. ಎಂಎ ಓದಿವ್ನಿ ಅಂತೀರಾ, ಜಗುಲಿ ಅಳ್ದ್ರಿ, ಬಿಸ್ಲು ಅಳ್ದ್ರಿ, ಕರ ಎಲ್ಲಿ ಕಟ್ಟೀರಿ ಅಂತ ಒಂದ್ಮಾತು ಕೇಳುದ್ರಾ?"

ಒಳಗೆ ಕೆಲಸ ಮಾಡುತ್ತಿದ್ದ ಐದೂ ಜನ ನಕ್ಕರು. ಬೋರೇಗೌಡರೂ ಆಮೇಲೆ ನಕ್ಕರು. ನಾನು ಮಾತ್ರ ನಗಲಿಲ್ಲ ಎಂದು ಡೈರಿ ಹೇಳುತ್ತದೆ. ನಕ್ಕೆ ಎಂದೇ ನನ್ನ ನೆನಪು. ಇಂಥ ಸಣ್ಣ ವಿಷಯದಲ್ಲಿ ನೆನಪು ನನ್ನನ್ನು ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿದರೆ ನಷ್ಟವಿಲ್ಲ. ಆದರೆ ಅದು ಸಣ್ಣ ವಿಷಯಕ್ಕೆ ನಿಲ್ಲುವುದಿಲ್ಲ.

ಆ ಐವರಲ್ಲಿ ಹಿರಿಯ ಕೇತಣ್ಣ. ಮೇದರ ಕೇರಿಯವನು, ಅಪ್ಪ ತಾತ ಎಲ್ಲ ಬಿದಿರಿನ ಮೊರ ಬುಟ್ಟಿ ಹೆಣೆದವರು. ಇವನು ಬೆತ್ತಕ್ಕೆ ಬಂದಿದ್ದ. ದಪ್ಪ ಬೆತ್ತವನ್ನು ಬೆಂಕಿಗೆ ಹಿಡಿದು ಬಗ್ಗಿಸಿ, ಮೊಳೆ ಹೊಡೆದು ಚೌಕಟ್ಟು ನಿಲ್ಲಿಸುವ ಕೆಲಸ ಬೇರೆಯವರದು. ಮೊಳೆ ಹೊಡೆದ ಪ್ರತಿಯೊಂದು ಸಂದಿನ ಮೇಲೆ ಸೀಳು ಬೆತ್ತವನ್ನು ಸುತ್ತಿ ಬಿಗಿಯುವ 'ಕಟ್ಟು' ಅವನದು. ಮೊಳೆ ಜೋಡಿಸುತ್ತದೆ, ಭಾರ ಹೊರುವುದು ಕಟ್ಟು. ಸೀಳನ್ನು ನೀರಿನ ತೊಟ್ಟಿಯಲ್ಲಿ ನೆನೆಹಾಕಿ, ಒದ್ದೆ ಇರುವಾಗಲೇ ಸುತ್ತಿ, ನೆರಳಿನಲ್ಲಿ ಒಣಗಲು ಬಿಡುತ್ತಿದ್ದ. ಒಣಗುತ್ತಾ ಅದು ಕುಗ್ಗಿ ಬಿಗಿಯಾಗುತ್ತದೆ. ಅವನು ಕಟ್ಟನ್ನು ಎಂದೂ ಎಳೆದು ಪರೀಕ್ಷಿಸುತ್ತಿರಲಿಲ್ಲ. ಸುತ್ತಿ, ತುದಿ ಒಳಗೆ ತೂರಿಸಿ, ಮುಂದಿನದಕ್ಕೆ ಕೈ ಹಾಕುತ್ತಿದ್ದ. ನಾನೊಮ್ಮೆ ಕೇಳಿದೆ, "ಎಳೆದು ನೋಡಲ್ವಾ ಕೇತಣ್ಣ?"

"ನೀವು ಅನ್ನ ಉಂಡ್ಮೇಲೆ ಒಟ್ಟೆ ಮುಟ್ಟಿ ನೋಡ್ಕತೀರಾ ಮೇಷ್ಟ್ರೇ? ಕೈಗೆ ಗೊತ್ತಾಯ್ತದೆ ಬುಡಿ."

ಬೆತ್ತದ ಬಗ್ಗೆ ನಾನು ಜನರಿಗೆ ಹೇಳುತ್ತಿದ್ದ ಮಾತುಗಳಲ್ಲಿ ಹೆಚ್ಚಿನವು ಅವನಿಂದ ಬಂದವು. ಸೀಟು ಜೋತು ಬಿದ್ದರೆ ಕುರ್ಚಿ ಮಗುಚಿ, ಕೆಳಗಡೆಯಿಂದ ಬಿಸಿನೀರಿನ ಬಟ್ಟೆ ಒತ್ತಿ, ಗಾಳಿಗೆ ಇಟ್ಟು, ಎರಡು ದಿನ ಯಾರನ್ನೂ ಕೂರಿಸಬೇಡಿ, ಅದಾಗಿಯೇ ಬಿಗಿದುಕೊಳ್ಳುತ್ತದೆ. ಕುರ್ಚಿಯ ಕೆಳಗೆ ನೆಲದ ಮೇಲೆ ಗೋಧಿ ಹಿಟ್ಟಿನಂಥ ಪುಡಿ ಕಂಡರೆ ಹುಳು ಹೊಕ್ಕಿದೆ ಎಂದರ್ಥ; ತೂತಿಗೆ ಸೀಮೆಎಣ್ಣೆ ಬಿಡಿ. ಹಳೆಯ ಬಣ್ಣದ ಬ್ರಷ್ಷಿನಲ್ಲಿ ಒಣ ದೂಳು ಕೊಡವಿ, ಒದ್ದೆ ಬಟ್ಟೆ ಮೊದಲೇ ತರಬೇಡಿ. ಪಾಂಡವಪುರದ ಕಡೆ ಆಲೆಮನೆಗಳ ಪಕ್ಕದ ಮನೆಯವರಿಗೆ ಈ ಕೊನೆಯ ಮಾತನ್ನು ಎಷ್ಟು ಸಲ ಹೇಳಿದ್ದೇನೋ. ಅಲ್ಲಿ ಕಪ್ಪು ಮಸಿ ಗಾಳಿಯಲ್ಲಿ ಬಂದು ಹೆಣಿಗೆಯ ಕಣ್ಣುಗಳಲ್ಲಿ ಕೂರುತ್ತದೆ. ಒದ್ದೆ ಬಟ್ಟೆ ತಾಕಿಸಿದರೆ ಅಲ್ಲೇ ಬಣ್ಣವಾಗಿ ನಿಲ್ಲುತ್ತದೆ. ಒಂದು ಮನೆಯವರು ಮಸಿಗೆ ಹೆದರಿ ಕುರ್ಚಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದ್ದರು. ಮಳೆಗಾಲ ಕಳೆದು ಬಿಚ್ಚಿದರೆ ಒಳಗೆ ಹಸಿರು ಬೂಷ್ಟು. ಬೆತ್ತಕ್ಕೆ ಉಸಿರಾಡಲು ಜಾಗ ಬೇಕು ಎಂದು ನಾನು ಗಂಭೀರವಾಗಿ ಹೇಳಿದಾಗ ಆ ಮನೆಯ ಸೊಸೆ, "ನಂಗೂ ಬೇಕು, ಯಾರಿಗ್ ಯೋಳಾನ?" ಎಂದಳು.

ನಾಗಮಂಗಲದ ಕಡೆ ಇದರ ತದ್ವಿರುದ್ಧ. ಅದು ಒಣ ಸೀಮೆ. ರಾಗಿ, ತೆಂಗು, ಕೆಂಪು ನೆಲ. ಬೇಸಿಗೆಯಲ್ಲಿ ಬೆತ್ತ ಒಣಗಿ ಚಟಚಟ ಎಂದು ಸೀಳು ಬಿಡುತ್ತದೆ. ಅಲ್ಲಿಯ ಜನರಿಗೆ ನಾನು ಹೇಳುತ್ತಿದ್ದದ್ದು ಒಂದೇ: "ಬೆತ್ತಕ್ಕೆ ನೀರು ಬೇಕು. ಆಗಾಗ ನೀರು ತೋರಿಸ್ತಾ ಇರಿ." ಹೆಣಿಗೆಯ ಮೇಲೆ ಸ್ವಲ್ಪ ಚಿಮುಕಿಸಿ ಎಂಬ ಅರ್ಥದಲ್ಲಿ. ಆ ಅರ್ಥವನ್ನು ನಾನು ನನ್ನ ತಲೆಯೊಳಗೇ ಇಟ್ಟುಕೊಂಡಿದ್ದೆ.

ನಮ್ಮ ಯಜಮಾನರ ಬಗ್ಗೆ ಕೆಟ್ಟದ್ದು ಬರೆಯುವ ಮನಸ್ಸಿಲ್ಲ, ಒಳ್ಳೆಯದನ್ನೇ ಬರೆದರೆ ಸುಳ್ಳಾಗುತ್ತದೆ. ಸಮಯಕ್ಕೆ ಸಂಬಳ ಕೊಟ್ಟರು, ಯಾರ ಮೇಲೂ ಕೈ ಮಾಡಿದವರಲ್ಲ. ಆದರೆ ಗಿರಾಕಿಯ ತಪ್ಪು ಎಂಬ ಮಾತು ಅವರ ಅಂಗಡಿಯಲ್ಲಿ ನಿಷಿದ್ಧ. ಕುರ್ಚಿ ಮುರಿದರೆ ಅದು ಮಾಡಿದವನ ಕೈ ತಪ್ಪು, ಇಲ್ಲವೇ ಮಾರಿದವನ ಬಾಯಿ ತಪ್ಪು. ಮೂರನೆಯದು ಇಲ್ಲ. ಇದು ಒಳ್ಳೆಯ ನಿಯಮ ಎಂದು ನಾನೂ ಬಹಳ ಕಾಲ ನಂಬಿದ್ದೆ. ಆ ನಿಯಮದಲ್ಲಿ ಒಬ್ಬ ಬಾಯಿ ಮುಚ್ಚಿಕೊಂಡರೆ ತಪ್ಪೆಲ್ಲ ಇನ್ನೊಬ್ಬನ ಕೈಗೆ ಹೋಗುತ್ತದೆ ಎಂಬುದು ಹೊಳೆದಿರಲಿಲ್ಲ.

ನಾಗಮಂಗಲದಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ನಿಂಗೇಗೌಡರು ಎಂಬುವರು ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ನಮ್ಮಲ್ಲಿ ಆರು ಕುರ್ಚಿ ತೆಗೆದುಕೊಂಡಿದ್ದರು. ಆ ಸಲ ಮಾತು ಕೂಡಿಬರಲಿಲ್ಲ. ಒಂದು ವರ್ಷದ ಮೇಲೆ ಇನ್ನೊಂದು ಕಡೆಯವರು ಬಂದರು. ಜಗಲಿ ತುಂಬಾ ಜನ. ಗಂಡಿನ ಸೋದರಮಾವ, ಮಾತು ಮುರಿಯುವ ಕೂಡಿಸುವ ಹಿರಿಯ, ಮಧ್ಯದ ಕುರ್ಚಿಯಲ್ಲಿ ಕೂತರು. ತಾಂಬೂಲದ ತಟ್ಟೆಗೆ ಕೈ ಚಾಚಲು ಮುಂದೆ ಬಾಗಿದಾಗ ಕುರ್ಚಿಯ ಮುಂಗಾಲು ಮಡಚಿಕೊಂಡಿತು. ಅವರು ತಟ್ಟೆಯ ಮೇಲೇ ಬಿದ್ದರು. ಮಣಿಕಟ್ಟು ಮುರಿಯಿತು. ಅದಕ್ಕಿಂತ ದೊಡ್ಡದು, ತಾಂಬೂಲ ಮುಟ್ಟುವ ಮೊದಲೇ ಹಿರಿಯರು ನೆಲಕ್ಕೆ ಬಿದ್ದ ಮನೆ ಎಂದಾಯಿತು. ಗಂಡಿನ ಕಡೆಯವರು ನೀರೂ ಕುಡಿಯದೆ ಎದ್ದರು.

ನಿಂಗೇಗೌಡರು ಮಾರನೆಯ ದಿನ ಅಂಗಡಿಗೆ ಬಂದರು. ಕೂಗಾಡಿದ್ದರೆ ಚೆನ್ನಾಗಿತ್ತು. ನಿಂತುಕೊಂಡೇ, ಸಣ್ಣ ದನಿಯಲ್ಲಿ, "ನನ್ ಮಗಳ್ ಮುಖ ನೋಡಾಕಾಯ್ತಿಲ್ಲ ಕಣ್ರೀ ಯಜಮಾನ್ರೇ. ನಾನು ಕುರ್ಚಿಗೆ ಬಂದಿಲ್ಲ. ಎಂಗೆ ಮುರೀತು, ಅದನ್ನ ಯೋಳಿ" ಎಂದರು. ಯಜಮಾನರು ನನ್ನ ಕಡೆ ನೋಡಿ, "ಹೋಗಿ ನೋಡ್ಕೊಂಡ್ ಬನ್ನಿ" ಎಂದರು.

ಇಲ್ಲಿಂದ ಎರಡು ಕಥೆಗಳಿವೆ.

ಇಷ್ಟು ವರ್ಷ ನನ್ನ ನೆನಪಿನಲ್ಲಿದ್ದದ್ದು ಮೊದಲನೆಯದು. ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಮುರಿದ ಕುರ್ಚಿ ಕೊಟ್ಟಿಗೆಯಲ್ಲಿತ್ತು. ನೋಡಿದೆ. ಮುಂಗಾಲಿನ ಕಟ್ಟು ಬಿಟ್ಟಿತ್ತು. ಯಾಕೆ ಬಿಟ್ಟಿತೆಂದು ತಿಳಿಯಲಿಲ್ಲ. ಬಂದು, ಕಂಡದ್ದನ್ನು ಹೇಳಿದೆ. ಅಷ್ಟೇ.

ಎರಡನೆಯದು ಡೈರಿಯಲ್ಲಿದೆ. ನನ್ನದೇ ಅಕ್ಷರ. "ಕುರ್ಚಿ ನೋಡಿದೆ. ಕಟ್ಟು ಬಿಟ್ಟಿದೆ. ಜಗಲಿ ಒದ್ದೆ."

ಜಗಲಿ ಒದ್ದೆ ಎಂದು ಯಾಕೆ ಬರೆದೆ? ಹೋದ ತಿಂಗಳು ಈ ಸಾಲು ಕಣ್ಣಿಗೆ ಬಿದ್ದಾಗಿನಿಂದ ಒಂದು ಕಡೆ ಕೂರಲು ಆಗಿಲ್ಲ. ಮಳೆ ಬಂದಿರಬೇಕು ಎಂದುಕೊಂಡೆ. ಹಿಂದಿನ ಪುಟ ತಿರುವಿದೆ: "ಸುಡು ಬಿಸಿಲು." ಮುಂದಿನ ಪುಟ: "ಬಿಸಿಲು." ಮುಖ್ಯವಲ್ಲದ್ದನ್ನು ನಾನು ಬರೆಯುವವನಲ್ಲ, ಆ ವರ್ಷದ ಡೈರಿಯಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಆದದ್ದಕ್ಕೂ ಒಂದೇ ಸಾಲು. ಆ ಬೆಳಿಗ್ಗೆ ನನ್ನ ಕಣ್ಣಿಗೆ ಜಗಲಿಯ ನೀರು ಬಿತ್ತು, ಅದಕ್ಕೂ ಕುರ್ಚಿಗೂ ಸಂಬಂಧವಿದೆ ಎಂದು ತಲೆಗೆ ಹೋಯಿತು, ಕೈ ಬರೆಯಿತು. ಬೇರೆ ವಿವರಣೆ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಆ ಸಾಲನ್ನು ಓದಿದ ಮೇಲೆ ಇನ್ನೊಂದು ಚಿತ್ರ ಮೇಲೆ ಬಂದಿದೆ. ನಿಂಗೇಗೌಡರ ಹೆಂಡತಿ ಜಯಮ್ಮ ಸಗಣಿ ನೀರಿನ ಬಕೆಟ್ಟು ಹಿಡಿದು ಜಗಲಿಯ ತುದಿಯಲ್ಲಿ ನಿಂತಿದ್ದಾರೆ. ಉಳಿದ ಐದು ಕುರ್ಚಿಗಳ ಕಾಲು ನೀರಿನಲ್ಲಿವೆ. ಆಕೆ ಹೇಳುತ್ತಾರೆ: "ನೀವ್ ಯೋಳ್ದಂಗೆ ದಿನಾ ನೀರ್ ತೋರಿಸ್ತಾ ಇದ್ದೊ ಕಣಣ್ಣ. ತೊಳ್ದು ಉಳ್ದಿದ್ನ ಕುರ್ಚಿಗೂ ಉಯ್ತಿದ್ದೆ." ಈ ಮಾತು ನಿಜವಾಗಿ ಕೇಳಿದ್ದೋ, ಡೈರಿಯ ಸಾಲು ಓದಿದ ಮೇಲೆ ನಾನೇ ಕಟ್ಟಿಕೊಂಡದ್ದೋ, ಪ್ರಮಾಣ ಮಾಡಿ ಹೇಳಲಾರೆ. 'ನೀರು ತೋರಿಸಿ' ಎಂದು ನಾನು ಹೇಳುತ್ತಿದ್ದುದಂತೂ ನಿಜ.

ಕಾಲಿನ ತುದಿಯಲ್ಲಿ ಬೆತ್ತದ ಒಳಮೈ ಬಿಚ್ಚಿಕೊಂಡಿರುತ್ತದೆ. ನೀರನ್ನು ಬತ್ತಿಯ ಹಾಗೆ ಮೇಲಕ್ಕೆಳೆಯುತ್ತದೆ. ಬೆಳಿಗ್ಗೆ ನೆನೆದು ಉಬ್ಬಿದ ಕಟ್ಟು ನಾಗಮಂಗಲದ ಬಿಸಿಲಿಗೆ ಮಧ್ಯಾಹ್ನ ಸುಕ್ಕಿ ಕುಗ್ಗುತ್ತದೆ. ದಿನವೂ ಉಬ್ಬಿ ಕುಗ್ಗಿ, ವರ್ಷದಲ್ಲಿ ನಾರು ಪುಡಿಯಾಗುತ್ತದೆ. ಒಳಗಿನ ಮೊಳೆಯನ್ನು ತುಕ್ಕು ತಿನ್ನುತ್ತದೆ. ಯಾವ ಕೈ ಸುತ್ತಿದ ಕಟ್ಟೂ ಉಳಿಯುವುದಿಲ್ಲ.

ಅಂಗಡಿಯಲ್ಲಿ ಅಂದು ಸಂಜೆ ನಡೆದದ್ದರಲ್ಲಿ ಡೈರಿಗೂ ನೆನಪಿಗೂ ಜಗಳವಿಲ್ಲ. ಯಜಮಾನರು ಐದೂ ಜನರ ಮುಂದೆ ಕೇಳಿದರು: "ಕಟ್ಟು ಬಿಟ್ಟಿತ್ತಾ?"

"ಬಿಟ್ಟಿತ್ತು."

ನಿಜವಾದ ಮಾತು. ಅಷ್ಟು ನಿಜವನ್ನಷ್ಟೇ ಹೇಳಿದೆ. ಕೇತಣ್ಣ ಕೈಯಲ್ಲಿದ್ದ ಸೀಳನ್ನು ಕೆಳಗಿಟ್ಟು, "ಎಂಗೆ ಬುಟ್ಟಿತ್ತು ಮೇಷ್ಟ್ರೇ? ತುದಿ ಕಳಚಿತ್ತಾ, ಮಧ್ಯ ಕಿತ್ತಿತ್ತಾ?" ಎಂದ.

ಕೆಲಸ ತಿಳಿದವನ ಪ್ರಶ್ನೆ ಅದು. ತುದಿ ಕಳಚಿದ್ದರೆ ಕಟ್ಟಿದವನ ತಪ್ಪು. ಮಧ್ಯ ಕಿತ್ತಿದ್ದರೆ ಬೇರೆ ಕಾರಣ. ಕೊಟ್ಟಿಗೆಯಲ್ಲಿ ನಾನು ಕಂಡದ್ದು ಮಧ್ಯ ಕಿತ್ತ ಕಟ್ಟು.

"ಬಿಟ್ಟಿತ್ತಪ್ಪ, ಅಷ್ಟೇ" ಎಂದೆ.

ಯಾಕೆ ಹಾಗೆಂದೆ? ಕುರ್ಚಿಗೆ ಆ ಜಗಲಿ ಸರಿ ಎಂದು ಬರೆದುಕೊಟ್ಟವನು ನಾನು. ನೀರು ತೋರಿಸಿ ಎಂದವನೂ ನಾನು. ಬಾಯಿ ತಪ್ಪೋ ಕೈ ತಪ್ಪೋ ಎಂದರೆ ಅಂದು ಬಾಯಿಯದೇ. ಆದರೆ ಯಜಮಾನರು ಕೇಳಿದ್ದು ಕಟ್ಟಿನ ಬಗ್ಗೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ ಎಂದು ನನಗೆ ನಾನೇ ಹೇಳಿಕೊಂಡಿರಬೇಕು. ಯಜಮಾನರು ಕೇತಣ್ಣನನ್ನು ಬೈಯಲಿಲ್ಲ. "ಸ್ವಲ್ಪ ದಿನ ನೀನು ಕಟ್ಟು ಮುಟ್ಬೇಡ, ಮರಳು ಕಾಗದ ಉಜ್ಜು" ಎಂದರು. ಅವನು ಒಂದು ವಾರ ಮೂಲೆಯಲ್ಲಿ ಕೂತು ಮರಳು ಕಾಗದ ಉಜ್ಜಿದ. ಎರಡನೆಯ ಸೋಮವಾರ ಬರಲಿಲ್ಲ. ಹೆಂಡತಿಯ ಊರು ಕೆ.ಆರ್. ಪೇಟೆಯ ಕಡೆ, ಅಲ್ಲಿಗೆ ಹೋದ ಎಂದರು.

ಇದಾದ ಎರಡು ತಿಂಗಳಿಗೆ ನಾನು ಹೆಸರು ಗಳಿಸಿದ ಪ್ರಸಂಗ ಬರುತ್ತದೆ. ಕೆ.ಆರ್. ಪೇಟೆಯ ಹತ್ತಿರ ಸಾಕಮ್ಮ ಎಂಬ ಹೆಂಗಸಿನ ಮನೆಗೆ ಕುರ್ಚಿ ನೋಡಲು ಹೋಗಿದ್ದೆ. ಬೇಗ ತಲುಪಿದ್ದರಿಂದ ಆಕೆ ಇನ್ನೂ ಜಗಲಿ ತೊಳೆಯುತ್ತಿದ್ದಳು. ನೀರು ಕುರ್ಚಿಯ ಕಾಲುಗಳ ಸುತ್ತ ಸುಳಿದು ಹೋಗುತ್ತಿತ್ತು.

"ಕುರ್ಚಿ ಎತ್ತಿಟ್ಟು ತೊಳೀಬಾರ್ದೇನಮ್ಮ?"

"ಎತ್ತಿಡಾಕೆ ನಾನೇನ್ ಪೈಲ್ವಾನಾ? ನಿಮ್ ಗಂಡಸ್ರು ಕೂರಾಕೆ ತಂದವ್ರೆ, ಅವ್ರೇ ಎತ್ತಿಡ್ಲಿ. ಕುರ್ಚಿ ತರಾವಾಗ ಒಬ್ರಾದ್ರೂ ನನ್ ಕೇಳಿದ್ರಾ, ಜಗ್ಲಿ ತೊಳೆಯೋಳು ನಾನು ಅಂತ?"

ಅವತ್ತು ಅಂಗಡಿಗೆ ಬಂದು ಯಜಮಾನರಿಗೆ ಹೇಳಿದೆ: ಇನ್ನು ಮೇಲೆ ಪ್ರತಿ ಕಾಲಿಗೂ ದಪ್ಪ ರಬ್ಬರಿನ ಬುಡ ಹಾಕೋಣ, ಒಂದು ಇಂಚು ಎತ್ತರ, ಕಾಲಿನ ತುದಿಗೆ ಅರಗು ಮೆತ್ತೋಣ, ಜಗಲಿ ಅಳೆಯುವ ಮೊದಲು ಅದನ್ನು ತೊಳೆಯುವವರು ಯಾರು, ಎಷ್ಟು ನೀರು ಹಾಕುತ್ತಾರೆ ಎಂದು ಅವರನ್ನೇ ಕೇಳೋಣ. ಯಜಮಾನರು ನನ್ನ ಬೆನ್ನು ತಟ್ಟಿದರು. ಗಿರಾಕಿಗಳಿಗೆಲ್ಲ, "ಇದು ನಮ್ಮ ಮೇಷ್ಟ್ರು ಕಂಡುಹಿಡಿದದ್ದು" ಎಂದು ರಬ್ಬರಿನ ಬುಡ ತೋರಿಸುತ್ತಿದ್ದರು. ಕಂಡುಹಿಡಿದ ದಿನ ಇದೇ ಎಂದು ನಾನೂ ನಂಬಿದೆ. ನಾಗಮಂಗಲದ ಕುರ್ಚಿಯನ್ನು ಇದಕ್ಕೆ ಜೋಡಿಸಿ ಯಾರೂ ಕೇಳಲಿಲ್ಲ. ನಾನೂ ಜೋಡಿಸಲಿಲ್ಲ. ಅಥವಾ ಜೋಡಿಸಿದ್ದನ್ನು ಮರೆಯುವಷ್ಟು ಸಮಯ ನನಗೆ ಸಿಕ್ಕಿತು.

ಈಗ ಕೆಲಸ ಬದಲಾಗಿದೆ. ಬೆತ್ತದ ಹಾಗೇ ಕಾಣುವ ಪ್ಲಾಸ್ಟಿಕ್ ಪಟ್ಟಿಯ ಹೆಣಿಗೆ, ಒಳಗೆ ಅಲ್ಯೂಮಿನಿಯಂ ಚೌಕಟ್ಟು. ಮಳೆಗೆ, ಸಗಣಿ ನೀರಿಗೆ ಹೆದರಬೇಕಾಗಿಲ್ಲ. ನದಿಯ ದಂಡೆಯ ರೆಸಾರ್ಟಿನವರು ಅದನ್ನೇ ಕೇಳುತ್ತಾರೆ. ಅವರು ತಪ್ಪು ಎಂದು ನಾನು ಹೇಳುವುದಿಲ್ಲ. ಬಯಲಿನಲ್ಲಿಡುವುದಕ್ಕೆ ಅದೇ ಸರಿ. ಕೊಳ್ಳುವಾಗ ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿ; ಬಣ್ಣ ಒಳಗಿನವರೆಗೂ ಒಂದೇ ಇರಬೇಕು. ಮೇಲೆ ಮಾತ್ರ ಬಳಿದಿದ್ದರೆ ನಮ್ಮ ಬಿಸಿಲಿಗೆ ಎರಡು ವರ್ಷದಲ್ಲಿ ಬಿಳಚಿ ಸಿಡಿಯುತ್ತದೆ. ಅದೂ ಮುರಿಯುತ್ತದೆ. ಮುರಿದಾಗ ಹೊಸದಾಗಿ ಸೇರಿದ ನಿಮ್ಮನ್ನು ಕಳಿಸುತ್ತಾರೆ, ಹೋಗಿ ನೋಡಿ ಬನ್ನಿ ಎಂದು. ನಾನು ಬರೆಯುತ್ತಿರುವುದು ಆ ದಿನಕ್ಕಾಗಿ.

ಡೈರಿಯ ಆ ಸಾಲು ಸಿಕ್ಕಿದ ಹತ್ತನೆಯ ದಿನ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಅದಕ್ಕೂ ಮೊದಲು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದಿದ್ದೆ. ಕೇತಣ್ಣನ ಊರು ಪತ್ತೆ ಮಾಡುವುದು ಕಷ್ಟವಾಗಲಿಲ್ಲ. ಸಂತೆಯಲ್ಲಿ ಮೊರ ಮಾರುವವರನ್ನು ಕೇಳಿದರೆ ಸಾಕು. ಮನೆಯ ಮುಂದಿನ ಹುಣಸೆಮರದ ಕೆಳಗೆ ಕೂತು ಬಿದಿರಿನ ಬುಟ್ಟಿಯ ಬಾಯಂಚು ಕಟ್ಟುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಓ, ಮೇಷ್ಟ್ರು! ಕೂಲ್ಡ್ರಿಂಕ್ಸ್ ಕುಡಿಯೋ ವಯಸ್ಸಲ್ಲಿ ಬರದು ಬುಟ್ಟು ಈಗ ಬಂದಿದ್ದೀರಾ. ಇನ್ನೇನಿದ್ರೂ ಮಜ್ಗೆ" ಎಂದು ನಕ್ಕು ಹೆಂಡತಿ ಮಾದಮ್ಮನನ್ನು ಕೂಗಿದ. ಮಜ್ಜಿಗೆ ಬರುವವರೆಗೂ ತಡೆಯಲು ನನಗೆ ಆಗಲಿಲ್ಲ. ಹೇಳಿಬಿಟ್ಟೆ. ಜಗಲಿ ಒದ್ದೆ ಇತ್ತು, ನೋಡಿದೆ. ಕಟ್ಟು ಮಧ್ಯದಲ್ಲಿ ಕಿತ್ತಿತ್ತು, ತುದಿ ಕಳಚಿರಲಿಲ್ಲ. ನೀರು ಹಾಕಿ ಎಂದವನು ನಾನೇ. ನೀನು ಕೇಳಿದೆ, ನಾನು ಹೇಳಲಿಲ್ಲ.

ಅವನ ಕೈ ನಿಂತಿತು. ನಾನು ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದೆ. ಅವನು ಬೈಯಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು ಕೇಳಿದ:

"ಅಂಗಾರೆ ನನ್ ಕೈ ತಪ್ಪಿರ್ನಿಲ್ವಾ?"

"ಇಲ್ಲ."

"ತುದಿ ಒಳಗೇ ಇತ್ತಾ?"

"ಒಳಗೇ ಇತ್ತು."

"ನಾನು ಅದೇ ಕೈ ಕೆಟ್ಟೋಯ್ತು ಅಂತ ಬೆತ್ತ ಮುಟ್ಟೋದ್ನೇ ಬುಟ್ಬುಟ್ನಲ್ಲ ಮೇಷ್ಟ್ರೇ. ಮೂರು ಅಂಗ್ಡಿಯೋರು ಮನೆಗ್ ಬಂದು ಕರುದ್ರು. ಒಲ್ಲೆ ಅಂದೆ. ಯಾರಾರಾ ಬಿದ್ ಸತ್ತೋದ್ರೆ ಅಂತ."

ಮಾದಮ್ಮ ಮಜ್ಜಿಗೆ ತಂದು ನಿಂತಿದ್ದಳು. ಅವನು ಅವಳ ಕಡೆ ತಿರುಗಿ, "ಇಲ್ ಬಾರಮ್ಮಿ, ಕೂತ್ಕ. ಮೇಷ್ಟ್ರೇ, ಇನ್ನೊಂದ್ಸಲ ಯೋಳಿ. ಇವ್ಳೂ ಕೇಳ್ಲಿ" ಎಂದ.

ಮತ್ತೆ ಹೇಳಿದೆ. ಮಾದಮ್ಮ ಲೋಟವನ್ನು ನನಗೆ ಕೊಡದೆ ನೆಲದ ಮೇಲಿಟ್ಟಳು. "ಬುಟ್ಟಿ ಕಟ್ಟುದ್ರೂ ಮೂರ್ ಮೂರ್ ಸಲ ಎಳ್ದು ನೋಡ್ತಾನೆ ಇವ್ನು. ತಲೆ ಕೆಟ್ಟದೆ ಅಂತ ನಾನೇ ಆಡ್ಕಂಡು ನಗ್ತಿದ್ದೆ" ಎಂದಳು. ನನ್ನನ್ನು ನೋಡಿ ಹೇಳಿದ ಮಾತಲ್ಲ ಅದು.

ಕೇತಣ್ಣ ಎದ್ದು ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯ ಭಾವಮೈದುನನನ್ನು ಕರೆದ. "ಬಾರ್ಲಾ ಇಲ್ಲಿ. ಕುರ್ಚಿ ಕೇತ ಅಂತ ಆಡ್ಕತಿದ್ಯಲ್ಲ, ಬಂದು ಕೇಳ್ಕ." ಆ ಮನುಷ್ಯ ಬಂದು ಕುಕ್ಕರಗಾಲಿನಲ್ಲಿ ಕೂತ.

ಮೂರನೆಯ ಸಲ ಶುರು ಮಾಡಿದೆ. "ಅವತ್ತು ನಾನು ಹೋದಾಗ ಜಗಲಿ ಒದ್ದೆ ಇದ್ದಿರಬೇಕು. ಅದರಿಂದಲೇ ಕಟ್ಟು ಹೋಗಿದೆ ಅಂತ ಆಗ ನನಗೆ ಸರಿಯಾಗಿ ಗೊತ್ತಾಗಲಿಲ್ಲ..."

"ಅಂಗಲ್ಲ" ಎಂದ ಕೇತಣ್ಣ.

ನಾನು ನಿಲ್ಲಿಸಿದೆ.

"ಮೊದಲ್ನೇ ಸಲ ಅಂಗ್ ಯೋಳ್ನಿಲ್ಲ ನೀವು. 'ನೋಡ್ದೆ' ಅಂದ್ರಿ. ಇವ್ಳ್ ಮುಂದೆ ಯೋಳಾವಾಗ 'ನೋಡ್ದಂಗಿತ್ತು' ಅಂದ್ರಿ. ಈಗ 'ಗೊತ್ತಾಗ್ನಿಲ್ಲ' ಅಂತಿದ್ದೀರಾ. ನೀರಾಕಿ ಅಂದಿದ್ದು ನೀವೇ ಅನ್ನೋದೂ ಬುಟ್ಟೋಗದೆ. ಇನ್ನು ನಾಕ್ ಜನ್ದ್ ಮುಂದೆ ಯೋಳುದ್ರೆ ಮತ್ತೆ ನಂದೇ ತಪ್ಪಾಯ್ತದೆ. ಮೊದಲ್ನೇ ಸಲ ಯೋಳುದ್ರಲ್ಲ, ಅದ್ನೇ ಯೋಳಿ."

ಮಾದಮ್ಮನೂ ಅವಳ ತಮ್ಮನೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೂರು ಸಲವೂ ನಾನು ಒಂದೇ ಕಥೆ ಹೇಳುತ್ತಿದ್ದೇನೆ ಎಂದೇ ನನ್ನ ಭಾವನೆಯಾಗಿತ್ತು.

"ಜಗಲಿ ಒದ್ದೆ ಇತ್ತು" ಎಂದೆ. "ನೋಡಿದೆ. ನೀರು ಹಾಕಿ ಅಂದವನು ನಾನು. ಕಟ್ಟು ಮಧ್ಯದಲ್ಲಿ ಕಿತ್ತಿತ್ತು. ಕೇತಣ್ಣ ಕೇಳಿದ. ಗೊತ್ತಿದ್ದೂ ಹೇಳಲಿಲ್ಲ."

"ಆ" ಎಂದ ಕೇತಣ್ಣ. ಭಾವಮೈದುನನ ಕಡೆ ನೋಡಿ, "ಕೇಳುಸ್ಕಂಡಾ?" ಎಂದ. ಅವನು ತಲೆಯಾಡಿಸಿ, ಹೆಗಲ ಟವೆಲು ಕೊಡವಿ ಎದ್ದುಹೋದ.

ಮಜ್ಜಿಗೆ ಕುಡಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಕೇತಣ್ಣ ಬುಟ್ಟಿಯನ್ನು ಮೊಣಕಾಲುಗಳ ನಡುವೆ ಎಳೆದುಕೊಂಡು ನಿಲ್ಲಿಸಿದ್ದ ಕಡೆಯಿಂದ ಮುಂದುವರಿಸಿದ. ಅಂಚಿನ ಮೇಲೆ ಸೀಳು ಸುತ್ತಿದ, ತುದಿಯನ್ನು ಒಳಗೆ ತೂರಿಸಿದ. ಮಾದಮ್ಮನೂ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ. ಅವನು ಕಟ್ಟನ್ನು ಒಮ್ಮೆ ಎಳೆದ. ಸ್ವಲ್ಪ ತಡೆದು ಇನ್ನೊಮ್ಮೆ ಎಳೆದ. ಬುಟ್ಟಿಯನ್ನು ಪಕ್ಕಕ್ಕೆ ಇಡಲು ಎತ್ತಿದವನು, ಮತ್ತೆ ಮಡಿಲಿಗೆ ತಂದುಕೊಂಡು ಮೂರನೆಯ ಸಲವೂ ಎಳೆದು ನೋಡಿದ.